ಯಾರೂ ಹಾಕಿಕೊಡದ ದಾರಿ

1919ರ ಚಳಿಗಾಲದಲ್ಲಿ ವಿಯೆನ್ನಾ ವಿಶ್ವವಿದ್ಯಾಲಯ ಬಾಗಿಲು ಹಾಕಿತು. ಗಲಾಟೆಯಾಗಿರಲಿಲ್ಲ, ಮುಷ್ಕರವೂ ಇರಲಿಲ್ಲ. ಕೊಠಡಿಗಳನ್ನು ಬೆಚ್ಚಗಿಡಲು ಕಲ್ಲಿದ್ದಲು ಸಿಗುತ್ತಿರಲಿಲ್ಲ. ಯುದ್ಧ ಸೋತಾಗಿತ್ತು, ಸಾಮ್ರಾಜ್ಯ ಹರಿದು ಹಂಚಿಹೋಗಿತ್ತು. ಸುಮಾರು ಐದು ಕೋಟಿ ಜನರ ರಾಜಧಾನಿಯಾಗಿ ಮೆರೆದ ಊರಿಗೆ ಒಲೆ ಉರಿಸುವುದೇ ಕಷ್ಟವಾಗಿತ್ತು. ಇಟಲಿಯ ಗಡಿಯಲ್ಲಿ ಫಿರಂಗಿ ದಳದಲ್ಲಿದ್ದು, ಎಡಗಿವಿ ಮಂದವಾಗಿ ಮನೆಗೆ ಮರಳಿದ್ದ ಇಪ್ಪತ್ತರ ಹುಡುಗನೊಬ್ಬ ಆ ಬಿಡುವಿನಲ್ಲಿ ಸ್ವಿಟ್ಜರ್‌ಲೆಂಡಿನ ಜೂರಿಚ್‌ಗೆ ಹೋದ. ಹೆಸರಿಗೆ ಅವನು ಕಾನೂನು ವಿದ್ಯಾರ್ಥಿ. ಅಲ್ಲಿ ಸೇರಿಕೊಂಡದ್ದು ಮಾತ್ರ ಕಾನ್‌ಸ್ಟಾಂಟಿನ್ ಫಾನ್ ಮೊನಾಕೋವ್ ಎಂಬ ಮಿದುಳು ತಜ್ಞರ ಪ್ರಯೋಗಶಾಲೆಗೆ. ಮಿದುಳಿನ ನರತಂತುಗಳ ಕಟ್ಟುಗಳು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತವೆ ಎಂದು ಹಿಂಬಾಲಿಸಿ ನೋಡುವ ಕೆಲಸ.

ಆ ಹುಡುಗ ಫ್ರೆಡ್ರಿಕ್ ಹಾಯೆಕ್. ಮುಂದೆ 1974ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರ ಹೆಸರೆತ್ತಿದರೆ ನಮ್ಮಲ್ಲಿ ಕೂಡಲೇ ಎರಡು ಬಣವಾಗುತ್ತದೆ. ಮಾರುಕಟ್ಟೆಯ ಪರ ಇರುವವರು ಅವರನ್ನು ಹೊತ್ತು ಮೆರೆಯುತ್ತಾರೆ, ಎಡದವರು ಹೆಸರು ಕೇಳಿದರೇ ಮುಖ ತಿರುಗಿಸುತ್ತಾರೆ. ಎರಡೂ ಕಡೆಯವರು ಜೂರಿಚ್‌ನ ಆ ಚಳಿಗಾಲದ ಕಡೆ ನೋಡುವುದು ಕಡಿಮೆ. ನನಗೋ ಈ ಮನುಷ್ಯ ಅರ್ಥವಾಗತೊಡಗಿದ್ದೇ ಅಲ್ಲಿಂದ. ಬೆಲೆ, ಬಡ್ಡಿ, ಕಾನೂನು, ಸಮಾಜ ಎಂದು ಅವರು ಎಪ್ಪತ್ತು ವರ್ಷ ಬರೆದದ್ದರ ಬೇರು ಆ ನರತಂತುಗಳಲ್ಲಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಾಯೆಕರ ಮನೆಯೇ ಹಾಗಿತ್ತು. ತಂದೆ ವೃತ್ತಿಯಿಂದ ವೈದ್ಯರು, ಮನಸ್ಸೆಲ್ಲ ಸಸ್ಯಶಾಸ್ತ್ರದಲ್ಲಿ. ಗಿಡಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ, ಕುಲ ಜಾತಿ ಗುರುತಿಸಿ ಜೋಡಿಸುವುದರಲ್ಲೇ ಅವರ ಸಂತೋಷ. ಹುಡುಗ ಅಪ್ಪನ ಜೊತೆ ಗಿಡ ಹುಡುಕಿಕೊಂಡು ಅಲೆದವನು. ತಮ್ಮಂದಿರಲ್ಲಿ ಒಬ್ಬ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾದ, ಇನ್ನೊಬ್ಬ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದ. ತಾಯಿಯ ತಂದೆ ಸಂಖ್ಯಾಶಾಸ್ತ್ರಜ್ಞ. ದಾರ್ಶನಿಕ ವಿಟ್‌ಗೆನ್‌ಸ್ಟೈನ್ ಕೂಡ ತಾಯಿಯ ಕಡೆಯಿಂದ ದೂರದ ನೆಂಟ. ಒಂದು ವಸ್ತು ಯಾವ ಗುಂಪಿಗೆ ಸೇರುತ್ತದೆ, ಯಾಕೆ ಸೇರುತ್ತದೆ ಎಂಬ ಪ್ರಶ್ನೆ ಆ ಮನೆಯಲ್ಲಿ ಊಟದ ಹೊತ್ತಿನ ಮಾತಾಗಿದ್ದರೆ ಆಶ್ಚರ್ಯವಿಲ್ಲ.

1920ರಲ್ಲಿ ಅವರು ಪ್ರಜ್ಞೆ ಹೇಗೆ ಬೆಳೆಯುತ್ತದೆ ಎಂಬ ಬಗ್ಗೆ ಒಂದು ಪ್ರಬಂಧ ಬರೆದರು. ಬರೆದು ಮೇಜಿನ ಖಾನೆಯಲ್ಲಿಟ್ಟರು. ಹೊಟ್ಟೆಪಾಡು ನೋಡಬೇಕಿತ್ತು. ಯುದ್ಧದಿಂದಾಗಿ ನಿಂತುಹೋಗಿದ್ದ ಸಾಲಗಳನ್ನು ಚುಕ್ತಾ ಮಾಡುವ ಸರ್ಕಾರಿ ಕಚೇರಿಯೊಂದರಲ್ಲಿ ಲುಡ್‌ವಿಗ್ ಫಾನ್ ಮೀಸೆಸ್ ಎಂಬ ಅರ್ಥಶಾಸ್ತ್ರಜ್ಞರ ಕೈಕೆಳಗೆ ಕೆಲಸ ಸಿಕ್ಕಿತು. 1921ರ ಅಕ್ಟೋಬರ್‌ನಲ್ಲಿ ಮೊದಲ ಸಂಬಳ 5,000 ಕ್ರೋನೆ. ಮರುತಿಂಗಳು 15,000. ಮುಂದಿನ ಜುಲೈ ಹೊತ್ತಿಗೆ ಅದೇ ಕೆಲಸಕ್ಕೆ ತಿಂಗಳಿಗೆ ಹತ್ತು ಲಕ್ಷ! ಇದು ಬಡ್ತಿಯಲ್ಲ, ದುಡ್ಡು ಕೊಳೆಯುತ್ತಿದ್ದ ವೇಗ. ಜೀವಮಾನದ ಉಳಿತಾಯವನ್ನು ಬ್ಯಾಂಕಿನಲ್ಲಿಟ್ಟ ಮಧ್ಯಮವರ್ಗದ ಮುದುಕರು ಆ ತಿಂಗಳುಗಳಲ್ಲಿ ಬೀದಿಗೆ ಬಂದರು. ಹಣದುಬ್ಬರ ಎಂದರೆ ಹಾಯೆಕ್ ಯಾಕೆ ಅಷ್ಟು ಬೆಚ್ಚಿಬೀಳುತ್ತಿದ್ದರು ಎಂದು ಕೇಳುವವರು ಈ ಲೆಕ್ಕವನ್ನು ಮರೆಯಬಾರದು. ಅವರಿಗೆ ಅದು ಪಠ್ಯದಲ್ಲಿ ಓದಿ ಬಂದ ಭಯವಲ್ಲ.

ಖಾನೆಯೊಳಗಿನ ಪ್ರಬಂಧ ಪುಸ್ತಕವಾಗಿ ಹೊರಬಂದದ್ದು 1952ರಲ್ಲಿ, ಮೂವತ್ತು ವರ್ಷ ಕಳೆದ ಮೇಲೆ. ಹೆಸರು ‘ದಿ ಸೆನ್ಸರಿ ಆರ್ಡರ್’. ಅರ್ಥಶಾಸ್ತ್ರಜ್ಞರು ಅದನ್ನು ಮುಟ್ಟಲಿಲ್ಲ, ಮನಶ್ಶಾಸ್ತ್ರಜ್ಞರಿಗೆ ಬರೆದವನ ಪರಿಚಯವಿರಲಿಲ್ಲ. ಓದಲು ಒರಟು ಪುಸ್ತಕವೇ. ಆದರೆ ಒಳಗಿರುವ ಪ್ರಶ್ನೆ ಸೊಗಸಾದದ್ದು. ಕಣ್ಣಿನಿಂದ ಹೊರಟ ನರದ ಮಿಡಿತವೂ ಕಿವಿಯಿಂದ ಹೊರಟ ಮಿಡಿತವೂ ಹೆಚ್ಚುಕಡಿಮೆ ಒಂದೇ ತರಹದವು. ಹಾಗಿದ್ದ ಮೇಲೆ ಒಂದು ನಮಗೆ ಕೆಂಪಾಗಿಯೂ ಇನ್ನೊಂದು ಗಂಟೆಯ ನಾದವಾಗಿಯೂ ತಿಳಿಯುವುದು ಹೇಗೆ? ಬಣ್ಣ, ದನಿ ಮಿಡಿತದೊಳಗೆ ಕೂತಿಲ್ಲ ಎನ್ನುತ್ತಾರೆ ಹಾಯೆಕ್. ಆ ಮಿಡಿತ ಉಳಿದ ಲೆಕ್ಕವಿಲ್ಲದಷ್ಟು ಮಿಡಿತಗಳ ಜೊತೆ ಕಟ್ಟಿಕೊಂಡಿರುವ ಸಂಬಂಧವೇ ಬಣ್ಣ, ಅದೇ ದನಿ. ಮನಸ್ಸೆಂದರೆ ವಿಂಗಡಿಸುವ ವ್ಯವಸ್ಥೆ. ಆ ವಿಂಗಡಣೆಯನ್ನು ಅನುಭವ ಕಟ್ಟಿರುತ್ತದೆ, ಸ್ವಲ್ಪ ನಮ್ಮ ಬದುಕಿನ ಅನುಭವ, ಸ್ವಲ್ಪ ನಮ್ಮ ಕುಲದ ಅನುಭವ.

ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆಯನ್ನೇ ನೋಡಿ. ಮೊದಲು ಶುದ್ಧವಾದ ಒಂದು ವಾಸನೆ ಬಂದು, ಆಮೇಲೆ ಅದಕ್ಕೆ ಬೇಸಿಗೆ ರಜೆ, ನೇಗಿಲು, ಅಜ್ಜಿಮನೆಯ ಜಗಲಿ ಬಂದು ಅಂಟಿಕೊಳ್ಳುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಾಯೆಕ್ ಪ್ರಕಾರ ಹಾಗೆ ಬೇರೆಯಾಗಿ ನಿಂತ ಶುದ್ಧ ಸಂವೇದನೆ ಎಂಬುದೇ ಇಲ್ಲ. ಆ ನಂಟುಗಳನ್ನೆಲ್ಲ ಬಿಡಿಸಿ ತೆಗೆದರೆ ವಾಸನೆ ಎಂದು ಕರೆಯಲು ಏನೂ ಉಳಿಯುವುದಿಲ್ಲ. ಆಗ ವಿಯೆನ್ನಾದಲ್ಲಿ ಎಲ್ಲರೂ ಎರ್ನ್‌ಸ್ಟ್ ಮಾಖ್ ಅವರನ್ನು ಓದುತ್ತಿದ್ದ ಕಾಲ. ಸಂವೇದನೆಯೇ ಅರಿವಿನ ಮೊದಲ ಇಟ್ಟಿಗೆ ಎಂದವರು ಮಾಖ್. ಇಪ್ಪತ್ತರ ಹುಡುಗ ಆ ಇಟ್ಟಿಗೆಯನ್ನೇ ಒಡೆದು ನೋಡಿದ.

ಇದೇ ದಿಕ್ಕಿನಲ್ಲಿ ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಬರೆದ ಪುಸ್ತಕ ಹೆಚ್ಚು ಹೆಸರಾಯಿತು. 1958ರಲ್ಲಿ ಅಮೆರಿಕದ ಫ್ರಾಂಕ್ ರೋಸೆನ್‌ಬ್ಲಾಟ್, ತಾನೇ ಕಲಿಯುವ ‘ಪರ್ಸೆಪ್ಟ್ರಾನ್’ ಬಗ್ಗೆ ಪ್ರಬಂಧ ಬರೆದಾಗ, ತನ್ನ ವಿಚಾರಕ್ಕೆ ಹತ್ತಿರದವರೆಂದು ಹೆಬ್ ಜೊತೆ ಹಾಯೆಕ್ ಹೆಸರನ್ನೂ ಸೇರಿಸಿದ. ಇವತ್ತು ಕೃತಕ ಬುದ್ಧಿಮತ್ತೆ ಎಂದು ಊರೆಲ್ಲ ಮಾತಾಡುತ್ತಿರುವುದರ ಮುತ್ತಜ್ಜ ಆ ಪರ್ಸೆಪ್ಟ್ರಾನ್.

‘ಸೆನ್ಸರಿ ಆರ್ಡರ್’ನ ಕೊನೆಯ ಭಾಗದಲ್ಲಿ ಬರುವ ಒಂದು ಮಾತನ್ನು ನಾನು ಬಹಳ ದಿನ ತಲೆಯಲ್ಲಿಟ್ಟುಕೊಂಡು ತಿರುಗಿದ್ದೇನೆ. ವಿಂಗಡಿಸುವ ಯಾವ ವ್ಯವಸ್ಥೆಯೂ ತಾನು ವಿಂಗಡಿಸುವ ವಸ್ತುವಿಗಿಂತ ಹೆಚ್ಚು ಸಂಕೀರ್ಣವಾಗಿರಬೇಕು. ಆದ್ದರಿಂದ ಮನುಷ್ಯನ ಮಿದುಳು ತನ್ನನ್ನು ತಾನೇ ಪೂರ್ತಿಯಾಗಿ ವಿವರಿಸಿಕೊಳ್ಳಲಾರದು. ಕೆಲಸ ಮಾಡುವ ತತ್ವ ತಿಳಿಯಬಹುದು, ಎಳೆಎಳೆಯ ವಿವರ ಎಂದೂ ಕೈಗೆ ಬಾರದು. ಒಂದೇ ಮನಸ್ಸಿನ ಗತಿ ಇದಾದರೆ, ಕೋಟಿ ಮನಸ್ಸುಗಳು ಸೇರಿ ಆದ ಸಮಾಜವನ್ನು ಒಂದು ಸಮಿತಿ ಕೂತು ಪೂರ್ತಿ ತಿಳಿದುಕೊಂಡು ನಡೆಸುವುದು ಎಲ್ಲಿಂದ ಬಂತು? ಹಾಯೆಕರ ಅರ್ಥಶಾಸ್ತ್ರಕ್ಕೆ, ಕಾನೂನು ವಿಚಾರಕ್ಕೆ ಬಾಗಿಲು ಇಲ್ಲಿ ತೆರೆಯುತ್ತದೆ.

1945ರಲ್ಲಿ ‘ಅಮೆರಿಕನ್ ಇಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಅವರು ಬರೆದ ಪ್ರಬಂಧ ಸಮಾಜದಲ್ಲಿ ತಿಳಿವಳಿಕೆ ಹೇಗೆ ಬಳಕೆಯಾಗುತ್ತದೆ ಎಂಬುದರ ಬಗ್ಗೆ. ವಿಕಿಪೀಡಿಯ ಕಟ್ಟಿದ ಜಿಮ್ಮಿ ವೇಲ್ಸ್ ಕೂಡ ಈ ಪ್ರಬಂಧದ ಋಣ ಒಪ್ಪಿಕೊಂಡಿದ್ದಾರೆ. ಅದರಲ್ಲಿ ತವರದ ಉದಾಹರಣೆ ಬರುತ್ತದೆ. ಪ್ರಪಂಚದಲ್ಲಿ ಎಲ್ಲೋ ತವರಕ್ಕೆ ಹೊಸ ಉಪಯೋಗ ಹುಟ್ಟಿತು, ಅಥವಾ ಎಲ್ಲೋ ಒಂದು ಗಣಿ ಮುಚ್ಚಿತು. ಯಾವುದು ಆಯಿತೆಂದು ತವರ ಬಳಸುವವರಿಗೆ ತಿಳಿಯಬೇಕಾಗಿಯೇ ಇಲ್ಲ. ಬೆಲೆ ಏರಿತು, ಇವರು ಕಡಿಮೆ ಬಳಸಿದರು, ಬದಲಿ ಲೋಹ ಹುಡುಕಿದರು. ಆ ಬದಲಿ ಲೋಹದ ಬೆಲೆಯೂ ಏರಿತು, ಅದನ್ನು ಬಳಸುವವರೂ ಎಚ್ಚರವಾದರು. ಸಾವಿರಾರು ಜನ ಒಬ್ಬರನ್ನೊಬ್ಬರು ಕಾಣದೆಯೇ, ಕಾರಣ ತಿಳಿಯದೆಯೇ, ಕೂಡಿ ಹೆಜ್ಜೆ ಹಾಕಿದರು.

ನಮ್ಮ ಕಡೆ ಇದನ್ನು ವಿವರಿಸುವುದು ಸುಲಭ. ಕನ್ನಂಬಾಡಿ ಕಟ್ಟೆಯ ಮಟ್ಟ ಪ್ರತಿದಿನ ಪತ್ರಿಕೆಯಲ್ಲಿ ಬರುತ್ತದೆ. ಗರಿಷ್ಠ 124.80 ಅಡಿ. ಕೊಡಗಿನಲ್ಲಿ ಎಷ್ಟು ಮಳೆ ಬಂತು, ಹಾರಂಗಿಯಿಂದ ಎಷ್ಟು ಬಿಟ್ಟರು ಎಂಬ ವಿವರವನ್ನೆಲ್ಲ ಮಂಡ್ಯದ ರೈತ ಕೂಡಿ ಕಳೆದು ನೋಡುವುದಿಲ್ಲ. ಇಂದಿನ ಅಂಕಿ ನೋಡುತ್ತಾನೆ, ಭತ್ತ ನಾಟಿ ಮಾಡಲೋ ರಾಗಿಗೆ ಹೋಗಲೋ ತನ್ನ ಗದ್ದೆ ನೋಡಿ ತೀರ್ಮಾನಿಸುತ್ತಾನೆ. ದೂರದ ನೂರು ಸಂಗತಿ ಒಂದು ಅಂಕಿಯೊಳಗೆ ಅಡಕವಾಗಿ ಅವನ ಕೈಗೆ ಬಂದಿರುತ್ತದೆ. ಬೆಲೆಯ ಕೆಲಸವೂ ಇಂಥದ್ದೇ. ಒಂದು ದೊಡ್ಡ ವ್ಯತ್ಯಾಸವಿದೆ. ಕಟ್ಟೆಯ ಮಟ್ಟವನ್ನು ಅಧಿಕಾರಿಯೊಬ್ಬ ಅಳೆದು ಹೇಳುತ್ತಾನೆ, ಬೆಲೆಯನ್ನು ಅದನ್ನು ಓದುವವರೇ ಕೊಳ್ಳುತ್ತ ಮಾರುತ್ತ ಬರೆಯುತ್ತಾರೆ. ಸರ್ಕಾರ ಬೆಲೆಯನ್ನು ಹಿಡಿದು ಒತ್ತಿದಾಗ ಆ ಬರವಣಿಗೆಯೇ ಅಳಿಸಿಹೋಗುತ್ತದೆ ಎಂಬುದು ಹಾಯೆಕರ ಸಂಕಟ.

ಪೋಲೆಂಡಿನ ಆಸ್ಕರ್ ಲಾಂಗೆ ಇದಕ್ಕೆ ಉತ್ತರ ಕೊಟ್ಟರು. ಯೋಜನಾ ಮಂಡಳಿಯೇ ಬೆಲೆ ಗೊತ್ತುಮಾಡಲಿ, ಹೆಚ್ಚುಕಡಿಮೆಯಾದರೆ ತಿದ್ದಲಿ ಎಂದು 1930ರ ದಶಕದಲ್ಲೇ ವಾದಿಸಿದ್ದರು. ಸಾಯುವ ಮುಂಚೆ ಬರೆದ ಕೊನೆಯ ಲೇಖನಗಳಲ್ಲೊಂದರಲ್ಲಿ, ಸಮೀಕರಣಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರೆ ಕ್ಷಣದಲ್ಲಿ ಉತ್ತರ ಬಂದೀತು ಎಂದರು. ಇಂದಿನ ದೈತ್ಯ ಕಂಪ್ಯೂಟರುಗಳನ್ನು ನೋಡಿ ಹಾಗೇ ಹೇಳುವವರು ಮತ್ತೆ ಹುಟ್ಟಿಕೊಂಡಿದ್ದಾರೆ. ಸಮಸ್ಯೆ ಲೆಕ್ಕ ಮಾಡುವ ವೇಗದ್ದಲ್ಲ ಎಂಬುದನ್ನು ಹಾಯೆಕ್ 1945ರಲ್ಲೇ ಹೇಳಿ ಮುಗಿಸಿದ್ದರು ಎಂದೇ ನನ್ನ ಎಣಿಕೆ. ಅರ್ಧ ಖಾಲಿ ಹೊರಟ ಹಡಗಿನಲ್ಲಿ ಸರಕು ತುಂಬಿಸಿ ಬದುಕುವ ಸಾಗಣೆದಾರನ ತಿಳಿವಳಿಕೆ ಯಾವ ಅಂಕಿಅಂಶದ ಪಟ್ಟಿಯಲ್ಲೂ ಇರುವುದಿಲ್ಲ. ಆ ಬಂದರಿನಲ್ಲಿ, ಆ ಬೆಳಿಗ್ಗೆ, ಅವಕಾಶ ಕಣ್ಣಿಗೆ ಬಿದ್ದ ಮೇಲೆ ಅದು ಹುಟ್ಟುತ್ತದೆ. ಹುಟ್ಟದೇ ಇರುವುದನ್ನು ಯಂತ್ರಕ್ಕೆ ಉಣಿಸುವುದು ಹೇಗೆ?

ಕನ್ನಂಬಾಡಿಯ ಮಾತು ಬಂದ ಮೇಲೆ ಅದನ್ನು ಕಟ್ಟಿಸಿದ ಎಂಜಿನಿಯರ್ ವಿಶ್ವೇಶ್ವರಯ್ಯನವರನ್ನು ದಾಟಿ ಹೋಗಲಾಗದು. 1934ರಲ್ಲಿ ಅವರು ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕು ಎಂದು ಪುಸ್ತಕವನ್ನೇ ಬರೆದರು. ಹತ್ತು ವರ್ಷದಲ್ಲಿ ದೇಶದ ವರಮಾನ ಇಮ್ಮಡಿಯಾಗಬೇಕು ಎಂಬುದು ಗುರಿ. ದೇಶದಲ್ಲಿ ಯೋಜನೆಯ ಮಾತನ್ನು ಅಷ್ಟು ಮುಂಚೆ, ಅಷ್ಟು ಶಿಸ್ತಾಗಿ ಆಡಿದವರು ವಿರಳ. ಹಾಯೆಕ್ ಅದಾದ ಎಂಟು ವರ್ಷಕ್ಕೆ ‘ಇಕನಾಮಿಕಾ’ ಪತ್ರಿಕೆಯಲ್ಲಿ ಬರೆಯತೊಡಗಿದ ಲೇಖನಮಾಲೆಯಲ್ಲಿ ಎಂಜಿನಿಯರನ ಮನೋಧರ್ಮವನ್ನೇ ತೂಗಿ ನೋಡಿದರು. ಅವರ ಕಣ್ಣ ಮುಂದಿದ್ದದ್ದು ಪ್ಯಾರಿಸ್. 1794ರಲ್ಲಿ ಸ್ಥಾಪನೆಯಾದ ಎಕೋಲ್ ಪಾಲಿಟೆಕ್ನಿಕ್, ಅದರ ನೆರಳಿನಲ್ಲಿ ಬೆಳೆದ ಸೇಂಟ್ ಸೈಮನ್ ಅನುಯಾಯಿಗಳು, ಆಗಸ್ಟ್ ಕಾಂಟ್. ಭೌತವಿಜ್ಞಾನದ ಗೆಲುವು ನೋಡಿ, ಸಮಾಜವನ್ನೂ ಅದೇ ಅಳತೆಪಟ್ಟಿಯಿಂದ ಅಳೆದು ಅದೇ ರೀತಿ ಕಟ್ಟಬಹುದು ಎಂದು ನಂಬಿದವರು. ಈ ನಂಬಿಕೆ ವಿಜ್ಞಾನವಲ್ಲ, ವಿಜ್ಞಾನದ ವೇಷ ಎಂದರು ಹಾಯೆಕ್.

ಅವರ ಕಾರಣ ಸೂಕ್ಷ್ಮವಾದದ್ದು. ಸಮಾಜವಿಜ್ಞಾನದ ಸಂಗತಿಗಳು ಕಲ್ಲು ಮಣ್ಣಿನಂಥವಲ್ಲ. ಜನ ಏನೆಂದು ತಿಳಿದಿದ್ದಾರೋ ಅದೇ ಅಲ್ಲಿ ಸಂಗತಿ. ಒಬ್ಬ ತಾಯಿತಕ್ಕೆ ದುಡ್ಡು ಕೊಡುತ್ತಾನೆ. ಯಾಕೆ ಕೊಟ್ಟ ಎಂದು ತಿಳಿಯಲು ತಾಯಿತವನ್ನು ಪ್ರಯೋಗಶಾಲೆಗೆ ಕೊಂಡೊಯ್ದರೆ ತಾಮ್ರ ಎಷ್ಟಿದೆ ಎಂದು ತಿಳಿದೀತು, ಅದು ತನ್ನನ್ನು ಕಾಪಾಡುತ್ತದೆಂಬ ಅವನ ನಂಬಿಕೆ ಸಿಗದು. ನಾಣ್ಯ, ಔಷಧಿ, ಒಡವೆ, ಶಿಕ್ಷೆ ಎಲ್ಲವೂ ಹೀಗೆ. ಇಲ್ಲಿ ಮತ್ತೆ ‘ಸೆನ್ಸರಿ ಆರ್ಡರ್’ ಬಂದು ನಿಲ್ಲುತ್ತದೆ. ಮಿಡಿತಕ್ಕೆ ಬೆಲೆ ಬರುವುದು ಸಂಬಂಧದಿಂದ, ತಾಯಿತಕ್ಕೂ ಅಷ್ಟೇ.

ವಿಶ್ವೇಶ್ವರಯ್ಯನವರಿಗೆ ಈ ಟೀಕೆ ಎಷ್ಟು ತಾಗುತ್ತದೆ? ಪೂರ್ತಿ ತಾಗುವುದಿಲ್ಲ ಎಂದೇ ನನ್ನ ತೀರ್ಮಾನ. ಅವರ ಯೋಜನೆಯಲ್ಲಿ ಖಾಸಗಿ ಉದ್ಯಮಕ್ಕೆ, ಬ್ಯಾಂಕಿಗೆ, ಶಿಕ್ಷಣಕ್ಕೆ ಧಾರಾಳ ಜಾಗವಿತ್ತು. ಜನರನ್ನು ಕೆಲಸಕ್ಕೆ ಹಚ್ಚಬೇಕೆಂಬ ತುಡಿತ ಅವರದು, ಜನರ ಬದಲು ತಾನೇ ಯೋಚಿಸುವ ಹಟವಲ್ಲ. ಆದರೂ ಅಣೆಕಟ್ಟಿಗೆ ಗುರಿ ಒಂದೇ, ನಾಡಿಗೆ ಗುರಿ ಒಂದಲ್ಲ ಎಂಬ ಹಾಯೆಕರ ಎಚ್ಚರಿಕೆಯನ್ನು ನಮ್ಮ ಎಂಜಿನಿಯರ್ ಆರಾಧನೆಯ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕರಾವಳಿಯ ಒಬ್ಬರು ಮಾತ್ರ ಹಾಯೆಕರ ಮಾತನ್ನು ನೇರವಾಗಿ ಕೇಳಿದ್ದರು. ಬೆಳ್ಳಿಕೋತ್ ರಘುನಾಥ ಶೆಣೈ, ನಾವು ಬಿ.ಆರ್. ಶೆಣೈ ಎಂದು ತಿಳಿದವರು. ಹುಟ್ಟಿದ್ದು 1905ರಲ್ಲಿ, ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನಲ್ಲಿ. ಈಗ ಅದು ಕೇರಳದ ಕಾಸರಗೋಡು ಜಿಲ್ಲೆ. 1931ರ ಆರಂಭದಲ್ಲಿ ಹಾಯೆಕ್ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿಗೆ ಬಂದು ಬೆಲೆ ಮತ್ತು ಉತ್ಪಾದನೆಯ ಬಗ್ಗೆ ನಾಲ್ಕು ಉಪನ್ಯಾಸ ಕೊಟ್ಟಾಗ ಶೆಣೈ ಅಲ್ಲಿ ವಿದ್ಯಾರ್ಥಿ. ಆ ಉಪನ್ಯಾಸಗಳ ಗುಂಗು ಅವರನ್ನು ಬಿಡಲಿಲ್ಲ.

ಇಪ್ಪತ್ತನಾಲ್ಕು ವರ್ಷದ ಮೇಲೆ ಅದರ ಫಲ ಕಂಡಿತು. 1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಗೆ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಕರಡು ತಯಾರಾಗಿತ್ತು. ಸಲಹೆ ಕೊಡಲು ದೇಶದ ಹೆಸರಾಂತ ಅರ್ಥಶಾಸ್ತ್ರಜ್ಞರ ಮಂಡಲಿ ಕೂತಿತ್ತು. ಉಳಿದವರೆಲ್ಲ ಸಹಿ ಹಾಕಿದ ವರದಿಗೆ ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದು ಲಗತ್ತಿಸಿದರು. ದೇಶದ ನಿಜವಾದ ಉಳಿತಾಯ ಎಷ್ಟಿದೆಯೋ ಯೋಜನೆಯ ಗಾತ್ರ ಅಷ್ಟೇ ಇರಬೇಕು, ಅದನ್ನು ಮೀರಿ ನೋಟು ಅಚ್ಚು ಹಾಕಿ ಕೊರತೆ ತುಂಬಿಸಿದರೆ ಹಣದುಬ್ಬರ ಬರುತ್ತದೆ, ಹಣದುಬ್ಬರ ಮುಚ್ಚಲು ನಿಯಂತ್ರಣಗಳು ಬರುತ್ತವೆ, ನಿಯಂತ್ರಣಗಳ ಹಿಂದೆ ಸ್ವಾತಂತ್ರ್ಯ ಹೋಗುತ್ತದೆ ಎಂಬುದು ಅದರ ಒಟ್ಟು ವಾದ. ಕೊನೆಗೆ ಯೋಜನೆ ಬಂದದ್ದು ಸರ್ಕಾರಿ ವಲಯದಲ್ಲಿ 4,800 ಕೋಟಿ ರೂಪಾಯಿ ವೆಚ್ಚದೊಂದಿಗೆ, ಅದರಲ್ಲಿ 1,200 ಕೋಟಿ ಕೊರತೆ ಹಣಕಾಸು. 1957ರ ಹೊತ್ತಿಗೆ ವಿದೇಶಿ ವಿನಿಮಯ ಬರಿದಾಗಿ ದೆಹಲಿ ತತ್ತರಿಸಿತು. ಶೆಣೈ ಹೇಳಿದ್ದೆಲ್ಲ ಅಕ್ಷರಶಃ ಆಯಿತು ಎನ್ನಲಾರೆ. ಆದರೆ ಇಡೀ ಸಭೆ ಒಂದು ಕಡೆ ವಾಲಿದಾಗ ತನ್ನ ಹೆಸರು ಹಾಕಿ ಬೇರೆ ಮಾತು ಬರೆದಿಡುವ ಆ ಗಟ್ಟಿತನಕ್ಕೆ ನಾನು ಕೈ ಮುಗಿಯುತ್ತೇನೆ. ಅವರ ಮಗಳು ಸುಧಾ ಶೆಣೈ ಕೂಡ ಇದೇ ಹಾದಿ ಹಿಡಿದರು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ಮತ್ತು ಹಣದುಬ್ಬರದ ಬಗ್ಗೆ ಹಾಯೆಕ್ ಬರೆದದ್ದರಿಂದ ಆಯ್ದು ‘ಎ ಟೈಗರ್ ಬೈ ದ ಟೇಲ್’ ಎಂದು 1972ರಲ್ಲಿ ಹೊರತಂದವರು ಅವರೇ.

ಕೇನ್ಸ್ ಹೆಸರು ಬಂತು. ಅವರನ್ನೂ ಹಾಯೆಕರನ್ನೂ ಮಲ್ಲಯುದ್ಧದ ಜಟ್ಟಿಗಳ ಹಾಗೆ ಚಿತ್ರಿಸುವುದು ರೂಢಿ. ಪತ್ರಿಕೆಯಲ್ಲಿ ಕಚ್ಚಾಡಿದ್ದು ನಿಜ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹಾಯೆಕ್ ಕಲಿಸುತ್ತಿದ್ದ ಲಂಡನ್ ಸ್ಕೂಲ್ ಕೇಂಬ್ರಿಜ್‌ಗೆ ಸ್ಥಳಾಂತರವಾದಾಗ ಕಿಂಗ್ಸ್ ಕಾಲೇಜಿನಲ್ಲಿ ಹಾಯೆಕರಿಗೆ ಕೋಣೆ ಕೊಡಿಸಿದವರು ಕೇನ್ಸ್. 1944ರಲ್ಲಿ ಹಾಯೆಕರ ‘ದ ರೋಡ್ ಟು ಸರ್ಫ್‌ಡಮ್’ ಬಂದಾಗ, ಬ್ರೆಟನ್ ವುಡ್ಸ್ ಸಭೆಗೆ ಹೊರಟಿದ್ದ ಕೇನ್ಸ್ ಅದನ್ನು ದಾರಿಯಲ್ಲಿ ಓದಿ ಪತ್ರ ಬರೆದರು. ನೈತಿಕವಾಗಿ ನಿಮ್ಮ ಜೊತೆಗಿದ್ದೇನೆ ಎಂದು ಮನಸಾರೆ ಹೊಗಳಿ, ಒಂದು ಚುಚ್ಚುಪ್ರಶ್ನೆಯನ್ನೂ ಕೇಳಿದರು. ಸರ್ಕಾರ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು ಎಂದು ನೀವೇ ಒಪ್ಪುತ್ತೀರಿ, ಎಲ್ಲಿ ಎಳೆಯಬೇಕೆಂದು ಮಾತ್ರ ಹೇಳುವುದಿಲ್ಲವಲ್ಲ ಎಂದು. ಹಾಯೆಕ್ ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಅರ್ಥಶಾಸ್ತ್ರ ಬಿಟ್ಟು ಕಾನೂನಿನ ಕಡೆ ಹೊರಟರು ಎಂದು ನನಗೆ ತೋರುತ್ತದೆ. 1960ರಲ್ಲಿ ‘ದ ಕಾನ್‌ಸ್ಟಿಟ್ಯೂಷನ್ ಆಫ್ ಲಿಬರ್ಟಿ’, 1973ರಿಂದ 1979ರ ತನಕ ಮೂರು ಸಂಪುಟಗಳಲ್ಲಿ ‘ಲಾ, ಲೆಜಿಸ್ಲೇಷನ್ ಅಂಡ್ ಲಿಬರ್ಟಿ’.

ಕಾನೂನು ಶಾಸನಸಭೆಗಿಂತ ಹಳೆಯದು ಎಂಬಲ್ಲಿಂದ ಅವರು ಶುರು ಮಾಡುತ್ತಾರೆ. ಕಾಡುಮೇಡಿನಲ್ಲಿ ಕಾಲುದಾರಿ ಆಗುವ ಬಗೆಯನ್ನು ಅವರು ಹಿಂದೆಯೇ ಹೇಳಿದ್ದರು. ಮೊದಲು ಬಂದವನು ತನಗೆ ಸಲೀಸಾದ ಕಡೆ ಹೆಜ್ಜೆಯಿಟ್ಟ. ಆ ಹೆಜ್ಜೆಗಳಿಂದ ಹುಲ್ಲು ಸ್ವಲ್ಪ ಬಾಗಿದ್ದಕ್ಕೆ ಎರಡನೆಯವನು ಅಲ್ಲೇ ನಡೆದ. ಕೊನೆಗೆ ಎಲ್ಲರಿಗೂ ದಾರಿಯಾಯಿತು, ದಾರಿ ಮಾಡಬೇಕೆಂದು ಮಾತ್ರ ಯಾರೂ ಹೊರಟಿರಲಿಲ್ಲ. ಭಾಷೆ ಹೀಗೆ ಬಂತು, ಹಣ ಹೀಗೆ ಬಂತು, ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಇನ್ನೊಬ್ಬರ ಬೇಲಿ ದಾಟಬಾರದು ಎಂಬ ನಿಯಮಗಳೂ ಹೀಗೇ ಬಂದವು. ನ್ಯಾಯಾಧೀಶ ಇವನ್ನು ಹುಟ್ಟಿಸುವುದಿಲ್ಲ, ಜಗಳ ಎದುರಿಗೆ ಬಂದಾಗ ಹುಡುಕಿ ಮಾತಿನಲ್ಲಿಡುತ್ತಾನೆ. ಮನುಷ್ಯರಿಗೆ ಮಾತ್ರ ಒಂದು ಅಭ್ಯಾಸ. ತಾನಾಗಿ ಬೆಳೆದದ್ದಕ್ಕೂ ಒಬ್ಬ ಕರ್ತೃವನ್ನು ಕಟ್ಟಿಕೊಡದೆ ಸಮಾಧಾನವಿಲ್ಲ.

ತುಳುನಾಡಿನವರಿಗೆ ಈ ಮಾತು ತಟ್ಟನೆ ತಾಗಬೇಕು. ಅಳಿಯಸಂತಾನದ ಕಟ್ಟು ಅಲ್ಲಿ ತಲೆತಲಾಂತರದಿಂದ ನಡೆದುಬಂದದ್ದು. ಆಸ್ತಿ ಹೆಣ್ಣಿನ ಎಳೆಯಲ್ಲಿ ಇಳಿಯುತ್ತಿತ್ತು, ಯಜಮಾನಿಕೆ ಮಾವನಿಂದ ಸೋದರಳಿಯನಿಗೆ. ಇದಕ್ಕೆ ಭೂತಾಳ ಪಾಂಡ್ಯನ ಕಥೆಯಿದೆ. ಮಾವನ ಹಡಗುಗಳನ್ನು ಬಿಡಲು ಕುಂಡೋದರನೆಂಬ ಭೂತ ನರಬಲಿ ಕೇಳಿದಾಗ ಮಾವನ ಹೆಂಡತಿ ತನ್ನ ಮಗನನ್ನು ಕೊಡಲೊಪ್ಪಲಿಲ್ಲ, ಅವನ ತಂಗಿ ತನ್ನ ಮಗನನ್ನು ಒಪ್ಪಿಸಿದಳು, ಉಳಿದುಬಂದ ಆ ಅಳಿಯನೇ ಅರಸನಾಗಿ ಕಟ್ಟಳೆ ಮಾಡಿದ ಎಂದು. ರೂಢಿ ಬೆಳೆಯಲು ಎಷ್ಟು ಕಾಲ ಹಿಡಿಯಿತೋ, ಯಾವ ಯಾವ ಕುಟುಂಬದ ಒಲವು ನಿಲುವು ಅದರಲ್ಲಿ ಸೇರಿತೋ, ಕಥೆ ಅದನ್ನೆಲ್ಲ ಒಬ್ಬ ಅರಸನ ಒಂದು ಅಪ್ಪಣೆಯಾಗಿ ಮಾಡಿತು. ಸ್ಪಾರ್ಟಾದವರಿಗೆ ಲೈಕರ್ಗಸ್ ಹೇಗೋ ತುಳುವರಿಗೆ ಭೂತಾಳ ಪಾಂಡ್ಯ ಹಾಗೆ. ಮುಂದೆ ಈ ಕಟ್ಟಿನೊಳಗೆ ಆಸ್ತಿ ಪಾಲಾಗಲು, ಮನೆ ಮನೆ ಬೇರೆಯಾಗಲು ದಾರಿ ಮಾಡಿದ್ದು ನಿಜವಾದ ಶಾಸನ, 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ.

ಇಲ್ಲಿ ನಾನು ಹಾಯೆಕರ ಜೊತೆ ಜಗಳಕ್ಕೆ ನಿಲ್ಲಬೇಕಾಗುತ್ತದೆ. ಕಾಲುದಾರಿ ಯಾರೂ ಯೋಜಿಸದೆ ಆದದ್ದು ಸರಿ. ಆ ದಾರಿಯಲ್ಲಿ ಯಾರು ಕಾಲಿಡಬಾರದು ಎಂಬ ಕಟ್ಟಳೆಯೂ ಯಾರೂ ಯೋಜಿಸದೆ ಆದದ್ದೇ ಅಲ್ಲವೇ? ವೈಕಂನ ಮಹಾದೇವ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ನಡೆಯುವ ಹಕ್ಕಿಗಾಗಿ 1924ರಿಂದ ಜನ ಇಪ್ಪತ್ತು ತಿಂಗಳು ಸತ್ಯಾಗ್ರಹ ಮಾಡಬೇಕಾಯಿತು. ಮಹಾಡದ ಚವದಾರ್ ಕೆರೆಯ ನೀರು ಕುಡಿಯಲು 1927ರಲ್ಲಿ ಅಂಬೇಡ್ಕರ್ ಸಾವಿರಾರು ಜನರನ್ನು ಕರೆದುಕೊಂಡು ಹೋಗಬೇಕಾಯಿತು. ಜಾತಿಯನ್ನು ಒಂದು ಸಮಿತಿ ಕೂತು ರಚಿಸಲಿಲ್ಲ. ಅದು ನೂರಾರು ತಲೆಮಾರು ತಾನಾಗಿ ಬೆಳೆದು, ತಾನಾಗಿ ಕಾವಲು ಕಾದ ವ್ಯವಸ್ಥೆ. ಅದಕ್ಕೂ ನಾವು ಕರ್ತೃವನ್ನು ಕಟ್ಟಿದೆವು, ಮನುವಿನ ಹೆಸರಿಟ್ಟೆವು. ತಾನಾಗಿ ಬೆಳೆದದ್ದರಲ್ಲಿ ವಿವೇಕ ಅಡಗಿದೆ ಎಂಬ ಮಾತನ್ನು ವಿಯೆನ್ನಾದಲ್ಲಿ ಹೇಳಿದಷ್ಟು ನಿರಾಳವಾಗಿ ನಮ್ಮ ಹಳ್ಳಿಯ ಹೊರಕೇರಿಯಲ್ಲಿ ಹೇಳಲಾಗದು. ಅಲ್ಲಿ ಕ್ರೌರ್ಯವೂ ಅಡಗಿದೆ. ಅಸ್ಪೃಶ್ಯತೆಯನ್ನು ತೆಗೆದುಹಾಕಿದ ಸಂವಿಧಾನದ 17ನೇ ವಿಧಿ ಬೆಳೆದು ಬಂದದ್ದಲ್ಲ, ಕೂತು ಬರೆದದ್ದು.

ಅಂಬೇಡ್ಕರ್ ಕೂಡ ಅದೇ ಲಂಡನ್ ಸ್ಕೂಲಿನವರು. ಎಡ್ವಿನ್ ಕ್ಯಾನನ್ ಅವರ ಬಳಿ ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆದು 1923ರಲ್ಲಿ ಡಿ.ಎಸ್‌ಸಿ. ಪಡೆದರು. ಹಾಯೆಕ್ ಅಲ್ಲಿ ಕಾಲಿಟ್ಟದ್ದು ಎಂಟು ವರ್ಷ ತಡವಾಗಿ. ನಾಣ್ಯದ ಮೌಲ್ಯ ಸರ್ಕಾರದ ಮರ್ಜಿಗೆ ಬಿಡಬಾರದು ಎಂಬಲ್ಲಿ ಇಬ್ಬರದೂ ಹತ್ತಿರ ಹತ್ತಿರದ ಮಾತು. ರೂಢಿಯ ವಿಷಯಕ್ಕೆ ಬಂದರೆ ಇಬ್ಬರೂ ಎದುರುಬದುರು. ಇವರಿಬ್ಬರು ಒಂದೇ ಮೇಜಿನ ಮುಂದೆ ಕೂತು ಮಾತಾಡಿದ್ದರೆ ಎಂದು ನಾನು ಎಷ್ಟೋ ಸಲ ಹಂಬಲಿಸಿದ್ದೇನೆ.

ಹಾಯೆಕರಿಗೆ ನ್ಯಾಯ ಸಲ್ಲಬೇಕಾದರೆ ಒಂದು ಮಾತು ಹೇಳಲೇಬೇಕು. 1973ರ ಮೊದಲ ಸಂಪುಟದಲ್ಲೇ ಅವರು ಬೆಳೆದು ಬಂದ ಕಾನೂನು ಕೆಲವೊಮ್ಮೆ ಮುಂದೆ ದಾರಿಯಿಲ್ಲದ ಗಲ್ಲಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಆಗ ಶಾಸನದಿಂದಲೇ ಬಿಡಿಸಬೇಕು ಎಂದು ಒಪ್ಪಿದ್ದಾರೆ. ಕಾನೂನನ್ನು ಬೆಳೆಸುವ ಕೆಲಸ ಒಂದೇ ವರ್ಗದ ಕೈಯಲ್ಲಿದ್ದಾಗ ಹೀಗಾಗುತ್ತದೆ. ಯಜಮಾನ ಮತ್ತು ಆಳು, ಜಮೀನುದಾರ ಮತ್ತು ಗೇಣಿದಾರ, ಸಾಲಿಗ ಮತ್ತು ಸಾಲಗಾರ ಇವರ ನಡುವಿನ ನಿಯಮಗಳನ್ನು ಬಹುಪಾಲು ಒಂದು ಕಡೆಯವರ ದೃಷ್ಟಿಯೇ ರೂಪಿಸಿತು ಎಂದು ಉದಾಹರಣೆಯನ್ನೂ ಕೊಡುತ್ತಾರೆ. ಆ ಸಂಪುಟ ಬಂದ ಮರುವರ್ಷ, 1974ರ ಮಾರ್ಚ್ 1ರಿಂದ, ಕರ್ನಾಟಕದಲ್ಲಿ ಗೇಣಿ ಪದ್ಧತಿ ರದ್ದಾಯಿತು. ದೇವರಾಜ ಅರಸರ ಸರ್ಕಾರದ ಭೂನ್ಯಾಯಮಂಡಳಿಗಳ ಮುಂದೆ, ಒಡೆಯನ ಮರ್ಜಿಯ ಮೇಲೆ ಉಳುತ್ತಿದ್ದ ಕರಾವಳಿಯ ಚಾಲಗೇಣಿ ಒಕ್ಕಲುಗಳು ಅರ್ಜಿ ಹಿಡಿದು ನಿಂತರು. ಹಾಯೆಕ್ ಅಷ್ಟು ದೂರ ಬರುತ್ತಿರಲಿಲ್ಲ, ಒಡೆತನವನ್ನೇ ಕೈ ಬದಲಿಸುವುದನ್ನು ಅವರು ಒಪ್ಪುತ್ತಿರಲಿಲ್ಲ. ಆದರೆ ಅವರ ಪುಟವನ್ನೇ ಓದಿ ಆ ಕಾಯ್ದೆಯ ಪರ ವಾದ ಕಟ್ಟಬಹುದು, ನಾನು ಕಟ್ಟುತ್ತೇನೆ ಕೂಡ.

ಎರಡನೆಯ ಸಂಪುಟದಲ್ಲಿ ಸಾಮಾಜಿಕ ನ್ಯಾಯ ಎಂಬುದು ಮರೀಚಿಕೆ ಎಂದರು. ಮಾರುಕಟ್ಟೆಯಲ್ಲಿ ಹಂಚುವವನೇ ಇಲ್ಲದಾಗ ಹಂಚಿಕೆ ಅನ್ಯಾಯವಾಯಿತು ಎನ್ನಲು ಬರುವುದಿಲ್ಲ ಎಂಬ ತರ್ಕ. ದುಡಿಯಲಾಗದವರಿಗೆ ಸರ್ಕಾರ ಕನಿಷ್ಠ ವರಮಾನ ಕೊಡಲಿ ಎಂದು ಅವರೇ ಬರೆದಿದ್ದಾರೆ, ಅದನ್ನು ಅವರ ಭಕ್ತರು ಮರೆಯುತ್ತಾರೆ. ಆದರೂ ಈ ತರ್ಕ ನನಗೆ ಒಗ್ಗುವುದಿಲ್ಲ. ಕೆರೆಯ ದಡದಲ್ಲಿ ನಿಂತು ನೀರು ಮುಟ್ಟಲಾಗದವನಿಗೆ ತನ್ನ ಮೇಲಾದ ಅನ್ಯಾಯಕ್ಕೆ ಒಬ್ಬ ವಿಳಾಸದಾರ ಬೇಕಾಗಿಲ್ಲ.

ಅವರ ಬದುಕಿನಲ್ಲಿ ನನಗೆ ನುಂಗಲಾಗದ್ದು ಚಿಲಿ. 1977ರಲ್ಲಿ ಅಲ್ಲಿಗೆ ಹೋಗಿ ಸರ್ವಾಧಿಕಾರಿ ಪಿನೊಚೆಟ್‌ನನ್ನು ಭೇಟಿಯಾದರು. 1981ರಲ್ಲಿ ಮತ್ತೆ ಹೋದಾಗ ಅಲ್ಲಿನ ಪತ್ರಿಕೆಗೆ, ಉದಾರತೆಯಿಲ್ಲದ ಪ್ರಜಾಪ್ರಭುತ್ವಕ್ಕಿಂತ ಉದಾರವಾದಿ ಸರ್ವಾಧಿಕಾರಿ ವಾಸಿ ಎಂಬ ಅರ್ಥದ ಮಾತಾಡಿದರು. ಜನ ಕಾಣೆಯಾಗುತ್ತಿದ್ದ ದೇಶದಲ್ಲಿ ಆಡಿದ ಮಾತು ಅದು. ಯಾವ ಒಬ್ಬನಿಗೂ ಸಮಾಜವನ್ನು ಪೂರ್ತಿ ತಿಳಿಯಲಾಗದು, ಆದ್ದರಿಂದ ಯಾರ ಕೈಗೂ ಪೂರ್ತಿ ಅಧಿಕಾರ ಕೊಡಬಾರದು ಎಂದು ಜೀವನವಿಡೀ ಬರೆದ ಲೇಖನಿಗೆ ಅದು ಒಪ್ಪುವಂಥದ್ದಲ್ಲ. ಅವರ ವಿಚಾರವನ್ನು ಅವರ ಮೇಲೇ ತಿರುಗಿಸಿದರೆ ಚಿಲಿಯ ವಿಷಯದಲ್ಲಿ ಅವರು ಸೋಲುತ್ತಾರೆ. ವಿಚಾರ ಗೆಲ್ಲುತ್ತದೆ.

ಅದೇ ವಿಚಾರವನ್ನು ತನ್ನ ಮೇಲೆ ಪ್ರಯೋಗಿಸಿಕೊಂಡ ಕ್ಷಣವೂ ಅವರ ಬದುಕಿನಲ್ಲಿದೆ. 1974ರ ನೊಬೆಲನ್ನು ಅವರು ಸ್ವೀಡನ್ನಿನ ಗುನ್ನರ್ ಮಿರ್ಡಾಲ್ ಜೊತೆ ಹಂಚಿಕೊಂಡರು. ಇಬ್ಬರ ನಿಲುವೂ ಉತ್ತರ ದಕ್ಷಿಣ. ಔತಣಕೂಟದಲ್ಲಿ ಹಾಯೆಕ್ ಎದ್ದು ನಿಂತು, ನನ್ನನ್ನು ಕೇಳಿದ್ದರೆ ಅರ್ಥಶಾಸ್ತ್ರಕ್ಕೆ ಈ ಬಹುಮಾನವೇ ಬೇಡ ಎನ್ನುತ್ತಿದ್ದೆ, ಅರ್ಥಶಾಸ್ತ್ರದಲ್ಲಿ ಯಾವ ಮನುಷ್ಯನಿಗೂ ಇರಬಾರದಷ್ಟು ಅಧಿಕಾರವಾಣಿಯನ್ನು ಇದು ಕೊಟ್ಟುಬಿಡುತ್ತದೆ ಎಂಬರ್ಥದ ಮಾತು ಹೇಳಿದರು. ಮರುದಿನ, ಡಿಸೆಂಬರ್ 11ರಂದು ಕೊಟ್ಟ ಉಪನ್ಯಾಸದ ವಿಷಯವೂ ‘ತಿಳಿದಿದೆ ಎಂಬ ಸೋಗು’. ಆಗ ಪ್ರಪಂಚವೆಲ್ಲ ಹಣದುಬ್ಬರದಲ್ಲಿ ಬೇಯುತ್ತಿತ್ತು. ಈ ಅನಾಹುತಕ್ಕೆ ನಮ್ಮ ವೃತ್ತಿಯೇ ಕಾರಣ ಎಂದು ಸಹೋದ್ಯೋಗಿಗಳ ಮುಖಕ್ಕೆ ಹೇಳಿದರು. ಅಳೆಯಲು ಸಿಕ್ಕಿದ್ದನ್ನೇ ಮುಖ್ಯವೆಂದು ಹಿಡಿದು, ಅಳತೆಗೆ ಸಿಗದ್ದನ್ನು ಇಲ್ಲವೆಂದು ಬಿಟ್ಟದ್ದರ ಫಲ ಇದು ಎಂದರು. ಸಮಾಜವನ್ನು ಕುಶಲಕರ್ಮಿ ಪಾತ್ರೆ ತಿದ್ದಿದ ಹಾಗೆ ತಿದ್ದಲು ಹೋಗದೆ, ತೋಟಗಾರ ಗಿಡಕ್ಕೆ ಅನುಕೂಲ ಮಾಡಿಕೊಟ್ಟ ಹಾಗೆ ನಡೆದುಕೊಳ್ಳಬೇಕೆಂದು ಕೇಳಿಕೊಂಡರು. ಅಪ್ಪನ ಜೊತೆ ಗಿಡ ಹುಡುಕಿ ತಿರುಗಿದವರ ಬಾಯಲ್ಲಿ ಆ ಮಾತು ಸಹಜವಾಗಿಯೇ ಬಂತು.

ಹಾಯೆಕರನ್ನು ಓದಬೇಕೆನ್ನುವ ಗೆಳೆಯರಿಗೆ ನಾನು ‘ರೋಡ್ ಟು ಸರ್ಫ್‌ಡಮ್’ ಕೈಗೆ ಕೊಡುವುದಿಲ್ಲ. ಅದು ಯುದ್ಧದ ಬಿಸಿಯಲ್ಲಿ ಬರೆದ ಪುಸ್ತಕ. ತವರದ ಉದಾಹರಣೆಯಿರುವ 1945ರ ಪ್ರಬಂಧದಿಂದ ಶುರು ಮಾಡಿ ಎನ್ನುತ್ತೇನೆ, ಒಟ್ಟು ಹನ್ನೆರಡು ಪುಟ. ಆಮೇಲೆ ಶೆಣೈ ಅವರ 1955ರ ಟಿಪ್ಪಣಿ. ಅದಾದ ಮೇಲೆ 1973ರ ಮೊದಲ ಸಂಪುಟ ಮತ್ತು ಅಂಬೇಡ್ಕರರ 1936ರ ‘ಜಾತಿ ವಿನಾಶ’, ಎರಡನ್ನೂ ಒಟ್ಟಿಗೆ, ಇದರ ಒಂದು ಅಧ್ಯಾಯ ಅದರ ಒಂದು ಅಧ್ಯಾಯ ಎಂದು ಬದಲಿಸುತ್ತ. ‘ಸೆನ್ಸರಿ ಆರ್ಡರ್’ ಕೊನೆಗಿರಲಿ, ಅದಕ್ಕೆ ತಾಳ್ಮೆ ಬೇಕು.